ವೆನಿಸ್‌ನಲ್ಲಿ ಎರಡು ದಿನ: ವಪೊರೆಟ್ಟೊ ಪಾಸಿನ ಹಣ ಎಲ್ಲಿ ವಸೂಲಾಗುತ್ತದೆ, ಎಲ್ಲಿ ದಂಡವಾಗುತ್ತದೆ

ವೆನಿಸ್‌ಗೆ ಬರುವ ಬಸ್ಸು, ಕಾರು, ಟ್ರಾಮುಗಳೆಲ್ಲ ಪಿಯಾತ್ಸಾಲೆ ರೋಮಾ ಎಂಬ ಚೌಕಕ್ಕೆ ಬಂದು ನಿಲ್ಲುತ್ತವೆ. ರೈಲು ನಿಲ್ಲುವುದು ಅಲ್ಲೇ ಹತ್ತಿರದ ಸಾಂತಾ ಲೂಚಿಯಾ ನಿಲ್ದಾಣದಲ್ಲಿ. ಅಲ್ಲಿಂದ ಮುಂದಕ್ಕೆ ವಾಹನಗಳಿಲ್ಲ, ಸೈಕಲ್ಲಿಗೂ ಅನುಮತಿಯಿಲ್ಲ. 118 ದ್ವೀಪ, 400ಕ್ಕೂ ಹೆಚ್ಚು ಸೇತುವೆ, ಅವುಗಳ ನಡುವೆ ಕಾಲುವೆಗಳು. ಈ ಊರಿನಲ್ಲಿ ಸಿಟಿ ಬಸ್ಸಿನ ಕೆಲಸ ಮಾಡುವುದು ವಪೊರೆಟ್ಟೊ ಎಂಬ ದೋಣಿ, ನಡೆಸುವುದು ಎಸಿಟಿವಿ ಎಂಬ ಸಾರ್ವಜನಿಕ ಸಾರಿಗೆ ಸಂಸ್ಥೆ. ವಾರಾಂತ್ಯಕ್ಕೆಂದು ಬರುವವರ ಸುಖ-ದುಃಖ ಬಹುಮಟ್ಟಿಗೆ ಈ ದೋಣಿಯನ್ನು ಅವರು ಹೇಗೆ ಬಳಸುತ್ತಾರೆ ಎಂಬುದರ ಮೇಲೆ ನಿಂತಿದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ದ್ವೀಪಗಳಿಗೆ ಹೋಗಲು, ಊರಿನ ಅಂಚುಗಳನ್ನು ಸುತ್ತಲು, ಬೆಳಗಿನ ಜಾವ ಅಥವಾ ರಾತ್ರಿ ಗ್ರ್ಯಾಂಡ್ ಕೆನಾಲ್ ನೋಡಲು ಈ ದೋಣಿಯ ಪಾಸಿಗಿಂತ ಒಳ್ಳೆಯ ಖರ್ಚು ವೆನಿಸ್‌ನಲ್ಲಿ ಇಲ್ಲ. ಮಟಮಟ ಮಧ್ಯಾಹ್ನ ರಿಯಾಲ್ತೊ ಸೇತುವೆಯಿಂದ ಸಾನ್ ಮಾರ್ಕೊ ಚೌಕಕ್ಕೆ ಹೋಗಲು ಅದೇ ದೋಣಿ ಹತ್ತಿದರೆ ಹಣವೂ ದಂಡ, ಸಮಯವೂ ದಂಡ. ಆ ದಾರಿ ಮೆರ್ಚೆರಿಯೆ ಬೀದಿಗಳಲ್ಲಿ ನಡೆದರೆ ಹತ್ತು ನಿಮಿಷದ್ದು.

ದರದ ಲೆಕ್ಕ ನೋಡಿ. ಇತ್ತೀಚಿನ ವರ್ಷಗಳಲ್ಲಿ ಪ್ರವಾಸಿಗರ ಒಂಟಿ ಟಿಕೆಟ್ 9.50 ಯೂರೊ, ಅದಕ್ಕೆ 75 ನಿಮಿಷದ ಅವಧಿ. ಅದರೊಳಗೆ ದೋಣಿ ಬದಲಿಸಬಹುದು. 24 ಗಂಟೆಯ ಪಾಸು 25 ಯೂರೊ, 48 ಗಂಟೆಯದು 35, 72 ಗಂಟೆಯದು 45, ಏಳು ದಿನದ್ದು 65. ಅಂದರೆ ಒಂದು ದಿನದಲ್ಲಿ ಮೂರು ಸಲ ಹತ್ತಿದರೆ 24 ಗಂಟೆಯ ಪಾಸಿನ ದುಡ್ಡು ಬಂತು. 48 ಗಂಟೆಯದಕ್ಕೆ ನಾಲ್ಕು ಸಲ ಸಾಕು. ಮುರಾನೊ, ಬುರಾನೊ, ತೊರ್ಚೆಲ್ಲೊ ಮೂರೂ ದ್ವೀಪಗಳನ್ನು ನೋಡಿ ಬರುವವರಿಗೆ ಆ ಒಂದೇ ದಿನದಲ್ಲಿ ನಾಲ್ಕು ಟಿಕೆಟ್ ಬೇಕಾಗುತ್ತದೆ. ಅಲ್ಲಿಗೆ ಎರಡನೇ ದಿನ ಪುಕ್ಕಟೆ. ದ್ವೀಪಗಳ ಗೊಡವೆಯೇ ಬೇಡ, ಸಾನ್ ಮಾರ್ಕೊ, ರಿಯಾಲ್ತೊ, ಅಕಾದೆಮಿಯಾ ಇಷ್ಟೇ ಸಾಕು ಎನ್ನುವವರು ಪಾಸು ತೆಗೆದುಕೊಳ್ಳಬಾರದು. ಅವರಿಗೆ ಬಂದ ದಿನ ಒಂದು, ಹೊರಡುವ ದಿನ ಒಂದು ಟಿಕೆಟ್ ಸಾಕು. ಚೀಲ ಹಗುರವಾಗಿದ್ದರೆ ಅದೂ ಬೇಡ: ರೈಲು ನಿಲ್ದಾಣದಿಂದ ರಿಯಾಲ್ತೊಗೆ ನಡೆದರೆ ಇಪ್ಪತ್ತು ನಿಮಿಷ, ಸಾನ್ ಮಾರ್ಕೊಗೆ ಅರ್ಧ ಗಂಟೆಗೆ ತುಸು ಹೆಚ್ಚು.

6ರಿಂದ 29 ವರ್ಷದೊಳಗಿನವರಿಗೆ ಇನ್ನೊಂದು ಬಾಗಿಲಿದೆ, ಅದು ಬಹಳ ಮಂದಿಗೆ ಗೊತ್ತಿರುವುದಿಲ್ಲ. ರೋಲಿಂಗ್ ವೆನಿಸ್ ಎಂಬ 6 ಯೂರೊ ಕಾರ್ಡು ಮಾಡಿಸಿದರೆ 72 ಗಂಟೆಯ ಪಾಸು 27 ಯೂರೊಗೆ ಸಿಗುತ್ತದೆ. ಎರಡೂ ಸೇರಿ 33. ದೊಡ್ಡವರ 48 ಗಂಟೆಯ ಪಾಸಿಗಿಂತ ಅಗ್ಗ, ಅವಧಿ ಒಂದು ದಿನ ಹೆಚ್ಚು. ಆ ವಯಸ್ಸಿನವರು ಎರಡೇ ದಿನ ಇದ್ದರೂ ಇದನ್ನೇ ಕೊಳ್ಳಬೇಕು. ವಯಸ್ಸಿನ ಪುರಾವೆಗೆ ಪಾಸ್‌ಪೋರ್ಟ್ ಜೊತೆಗಿರಲಿ. 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಗಾಲಿಕುರ್ಚಿ ಬಳಸುವವರಿಗೆ ದರ ತೀರಾ ಕಡಿಮೆ, ಜೊತೆಗಿರುವ ಒಬ್ಬರಿಗೆ ಉಚಿತ. ಮೆಟ್ಟಿಲು ಸೇತುವೆಗಳೇ ತುಂಬಿರುವ ಈ ಊರಿನಲ್ಲಿ ಗಾಲಿಕುರ್ಚಿಗೆ ನಿಜವಾದ ರಸ್ತೆ ಎಂದರೆ ವಪೊರೆಟ್ಟೊ. 1 ಮತ್ತು 2ನೇ ಮಾರ್ಗದ ದೋಣಿಗಳಿಗೆ ಕಟ್ಟೆಯಿಂದ ಬಹುತೇಕ ಸಮತಟ್ಟಾಗಿಯೇ ಹತ್ತಬಹುದು. ಈ ವಿಷಯದಲ್ಲಿ ಸೇವೆಗೆ ಪೂರ್ಣ ಅಂಕ ಕೊಡಬೇಕು.

ಪಾಸಿನ ಗಡಿಯಾರ ಓಡಲು ಶುರುವಾಗುವುದು ಕೊಂಡಾಗ ಅಲ್ಲ, ಮೊದಲ ಸಲ ಯಂತ್ರಕ್ಕೆ ತಾಗಿಸಿದಾಗ. ವಾರಾಂತ್ಯದ ಇಡೀ ಲೆಕ್ಕಾಚಾರ ಇದರ ಮೇಲಿದೆ. ಶುಕ್ರವಾರ ಸಂಜೆ 6ಕ್ಕೆ ತಾಗಿಸಿದ 48 ಗಂಟೆಯ ಪಾಸು ಭಾನುವಾರ ಸಂಜೆ 6ರವರೆಗೆ ನಡೆಯುತ್ತದೆ: ಎರಡು ರಾತ್ರಿ, ಎರಡು ಬೆಳಗು, ಹೊರಡುವ ದೋಣಿ ಎಲ್ಲವೂ ಅದರಲ್ಲಿ ಅಡಕ. ಶುಕ್ರವಾರ ರಾತ್ರಿ ತಡವಾಗಿ ತಲುಪಿ ಹತ್ತಿರದ ಹೋಟೆಲಿಗೆ ನಡೆದೇ ಹೋಗುವುದಾದರೆ ಅಂದು ಪಾಸು ತಾಗಿಸಬೇಡಿ, ಶನಿವಾರ ಬೆಳಗ್ಗೆ ಶುರು ಮಾಡಿ. ಒಂದೇ ರಾತ್ರಿ ತಂಗುವವರು 24 ಗಂಟೆಯದನ್ನು ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ತಾಗಿಸಿದರೆ ಭಾನುವಾರ ನಸುಕಿನ ಗ್ರ್ಯಾಂಡ್ ಕೆನಾಲ್ ಸವಾರಿಯೂ ಅದರಲ್ಲೇ ಆಗಿಹೋಗುತ್ತದೆ.

ಕೊಳ್ಳುವುದು ಸುಲಭ. ದೊಡ್ಡ ನಿಲ್ದಾಣಗಳಲ್ಲಿ ಯಂತ್ರಗಳಿವೆ, ವೆನೆಟ್ಸಿಯಾ ಉನಿಕಾ ಎಂಬ ಟಿಕೆಟ್ ಕೌಂಟರುಗಳಿವೆ, ಫೋನಿನ ಆ್ಯಪ್ ಕೂಡ ಇದೆ. ಶನಿವಾರ ಬೆಳಗ್ಗೆ ರೈಲು ನಿಲ್ದಾಣದ ಎದುರಿನ ಕೌಂಟರಿನಲ್ಲಿ ಸಾಲು ಉದ್ದ, ಯಂತ್ರವೇ ಲೇಸು. ಮುಂಗಡವಾಗಿ ಆನ್‌ಲೈನ್‌ನಲ್ಲಿ ಕೊಂಡರೆ ಸಂಕೇತ ಸಂಖ್ಯೆಯೊಂದು ಬರುತ್ತದೆ, ಅದನ್ನು ಯಂತ್ರದಲ್ಲಿ ಒತ್ತಿ ಕಾರ್ಡು ಪಡೆಯಬೇಕು. ಆ ಸಂಖ್ಯೆ ತೋರಿಸಿ ನೇರ ದೋಣಿ ಹತ್ತಲು ಬರುವುದಿಲ್ಲ. ಕಾಗದದ ಕಾರ್ಡಿನೊಳಗೆ ಚಿಪ್ ಇರುತ್ತದೆ, ಮಡಚಿದರೆ ಕೆಡುತ್ತದೆ. ಪ್ರತಿ ಸಲ ಹತ್ತುವ ಮುನ್ನ ಬಿಳಿ ಯಂತ್ರಕ್ಕೆ ತಾಗಿಸಿ ಹಸಿರು ದೀಪ ನೋಡಬೇಕು. ಪಾಸು ಇದ್ದರೂ ಪ್ರತಿ ಸಲ ತಾಗಿಸಲೇಬೇಕು. ಗೇಟು ಇಲ್ಲದ ಸಣ್ಣ ನಿಲ್ದಾಣಗಳಲ್ಲಿ ಜನ ಇದನ್ನು ಮರೆಯುತ್ತಾರೆ, ತಪಾಸಣೆಯವರು ಬಂದಾಗ ‘ಪಾಸು ಇದೆಯಲ್ಲ’ ಎಂಬ ವಾದ ನಡೆಯುವುದಿಲ್ಲ. ನಿಲ್ದಾಣದಲ್ಲಿ ಟಿಕೆಟ್ ಸಿಗದೇ ಹೋದರೆ ದೋಣಿಗೆ ಕಾಲಿಟ್ಟ ಕೂಡಲೇ ಹಗ್ಗ ಕಟ್ಟುವ ನಾವಿಕನನ್ನು ಕೇಳಿ, ಆತನೇ ಕೊಡುತ್ತಾನೆ. ಸೀಟು ಹುಡುಕಿ ಕುಳಿತಾದ ಮೇಲೆ ಕೇಳಿದರೆ ಅದು ಟಿಕೆಟ್ ಇಲ್ಲದ ಪ್ರಯಾಣ.

ಈ ಸೇವೆಯ ಅತಿ ದೊಡ್ಡ ಕೊರತೆ ನಿಲ್ದಾಣಗಳ ಗೊಂದಲ. ಹಳದಿ ಪಟ್ಟಿಯ ತೇಲುವ ಕಟ್ಟೆಗಳೇ ನಿಲ್ದಾಣಗಳು. ಚಿಕ್ಕ ನಿಲ್ದಾಣದಲ್ಲಿ ಒಂದೇ ಕಟ್ಟೆ, ಎರಡೂ ದಿಕ್ಕಿನ ದೋಣಿಗಳು ಅಲ್ಲಿಗೇ ಬರುತ್ತವೆ. ಹಾಗಾಗಿ ಮೊದಲು ಬಂದ ದೋಣಿಗೆ ಹತ್ತಿದವರು ಎಷ್ಟೋ ಸಲ ಬೇಡದ ದಿಕ್ಕಿಗೆ ಹೋಗುತ್ತಾರೆ. ಸಾನ್ ಮಾರ್ಕೊ ಬಳಿಯ ಸಾನ್ ಜಕ್ಕರಿಯಾ, ರೈಲು ನಿಲ್ದಾಣದೆದುರಿನ ಫೆರ್ರೊವಿಯಾ, ರಿಯಾಲ್ತೊ, ಊರಿನ ಉತ್ತರ ದಂಡೆಯ ಫೊಂದಮೆಂತೆ ನೋವೆಯಂಥ ದೊಡ್ಡ ಕಡೆ ಕಟ್ಟೆಗಳು ಹಲವು, ಒಂದೊಂದಕ್ಕೂ ಎ, ಬಿ, ಸಿ ಎಂದು ಅಕ್ಷರ. ಸಾನ್ ಜಕ್ಕರಿಯಾದ ಕಟ್ಟೆಗಳು ದಂಡೆಯುದ್ದಕ್ಕೂ ಚೆದುರಿವೆ, ಒಂದು ಕೊನೆಯಿಂದ ಇನ್ನೊಂದಕ್ಕೆ ಕೆಲವು ನಿಮಿಷದ ನಡಿಗೆ. ಮೊದಲು ಫಲಕದಲ್ಲಿ ಮಾರ್ಗದ ಸಂಖ್ಯೆ, ಆಮೇಲೆ ಕಟ್ಟೆಯ ಅಕ್ಷರ, ಕೊನೆಗೆ ದೋಣಿಯ ಮೇಲೆ ಬರೆದ ಕೊನೆಯ ನಿಲ್ದಾಣ, ಈ ಮೂರನ್ನೂ ನೋಡುವ ಅಭ್ಯಾಸ ಮಾಡಿಕೊಂಡರೆ ತಪ್ಪುವುದಿಲ್ಲ. 4.1 ಮತ್ತು 4.2 ಒಂದೇ ವರ್ತುಲವನ್ನು ಎದುರು-ಬದುರು ದಿಕ್ಕಿನಲ್ಲಿ ಸುತ್ತುತ್ತವೆ, 5.1 ಮತ್ತು 5.2 ಕೂಡ ಹಾಗೆಯೇ. ಜೋಡಿಯಲ್ಲಿ ತಪ್ಪು ದೋಣಿ ಹಿಡಿದರೆ ಊರಿಗೇ ಪ್ರದಕ್ಷಿಣೆ ಹಾಕಿಕೊಂಡು ತಲುಪಬೇಕಾಗುತ್ತದೆ. 2ನೇ ಮಾರ್ಗದ ಕೆಲವು ದೋಣಿಗಳು ರಿಯಾಲ್ತೊದಲ್ಲೇ ನಿಂತುಬಿಡುತ್ತವೆ, ಅದನ್ನು ನೋಡದೆ ಹತ್ತಿದವರು ಅಲ್ಲಿ ಇಳಿದು ಸಾನ್ ಮಾರ್ಕೊಗೆ ನಡೆಯಬೇಕು.

ಇನ್ನು ಗ್ರ್ಯಾಂಡ್ ಕೆನಾಲ್. 3.8 ಕಿಲೋಮೀಟರ್ ಉದ್ದ, ತಿರುಗಿಸಿ ಬರೆದ ಎಸ್ ಅಕ್ಷರದ ಆಕಾರ, ನಾಲ್ಕು ಸೇತುವೆ. 1ನೇ ಮಾರ್ಗದ ದೋಣಿ ಎಡ ದಂಡೆ, ಬಲ ದಂಡೆ ಎಂದು ಅಡ್ಡಾಡುತ್ತ ಬಹುತೇಕ ಎಲ್ಲ ಕಟ್ಟೆಗಳಲ್ಲೂ ನಿಲ್ಲುತ್ತದೆ. ಪಿಯಾತ್ಸಾಲೆ ರೋಮಾದಿಂದ ಸಾನ್ ಮಾರ್ಕೊ ಸುತ್ತಮುತ್ತಲಿಗೆ ಮುಕ್ಕಾಲು ಗಂಟೆ. ಬೇಗ ತಲುಪಬೇಕಾದರೆ 2ನೇ ಮಾರ್ಗ, ಅದಕ್ಕೆ ನಿಲುಗಡೆ ಕಡಿಮೆ. ನೋಡಲೆಂದು ಹೋಗುವವರಿಗೆ ಮಾತ್ರ ನಿಧಾನದ 1ನೇ ಮಾರ್ಗವೇ ಸರಿ. ಇದರ ಗುಟ್ಟು ಮೂರು. ಹತ್ತುವುದು ಪಿಯಾತ್ಸಾಲೆ ರೋಮಾದಲ್ಲಿ, ಏಕೆಂದರೆ ದೋಣಿ ಅಲ್ಲಿಂದಲೇ ಹೊರಡುತ್ತದೆ. ಮುಂದಿನ ನಿಲ್ದಾಣವಾದ ಫೆರ್ರೊವಿಯಾದಲ್ಲಿ ರೈಲಿನ ಜನ ನುಗ್ಗುತ್ತಾರೆ, ಆಮೇಲೆ ಹೊರಗಿನ ಸೀಟು ಸಿಗುವುದಿಲ್ಲ. ರೈಲಿನಿಂದ ಇಳಿದವರು 2008ರಲ್ಲಿ ತೆರೆದ ಕೊಸ್ತಿತುತ್ಸಿಯೊನೆ ಸೇತುವೆ ದಾಟಿ ಐದು ನಿಮಿಷ ಹಿಂದಕ್ಕೆ ನಡೆದು ಹತ್ತುವುದು ಸಾರ್ಥಕ. ಎರಡನೆಯದು, ಕೂರುವ ಜಾಗ: ಹಳೆಯ ಮಾದರಿಯ ದೋಣಿಗಳಲ್ಲಿ ಚಾಲಕನ ಮುಂದೆ ತೆರೆದ ಸೀಟುಗಳಿವೆ. ಅವಿಲ್ಲದ ದೋಣಿ ಬಂದರೆ ಹಿಂಭಾಗದ ತೆರೆದ ಸೀಟು ಹಿಡಿಯಿರಿ. ನಡುವೆ ನಿಂತರೆ ಬೆನ್ನುಗಳು ಮಾತ್ರ ಕಾಣುತ್ತವೆ. ಮೂರನೆಯದು ಹೊತ್ತು: ಬೆಳಗ್ಗೆ 8ಕ್ಕಿಂತ ಮುಂಚೆ, ಇಲ್ಲವೇ ರಾತ್ರಿ 9ರ ನಂತರ. ರಾತ್ರಿಯ ಸವಾರಿಗೆ ನಮ್ಮ ಒಲವು ಹೆಚ್ಚು. ಅರಮನೆಗಳ ಒಳಗೆ ದೀಪ ಹೊತ್ತಿದಾಗ ಹಗಲಲ್ಲಿ ಕತ್ತಲೆಯ ಕಿಟಕಿಗಳಾಗಿದ್ದವು ತೆರೆದುಕೊಂಡು ಚಿತ್ರ ಬರೆದ ಒಳಛಾವಣಿಗಳು, ಗಾಜಿನ ತೂಗುದೀಪಗಳು ನೀರಿನಿಂದಲೇ ಕಾಣುತ್ತವೆ. ನಡುರಾತ್ರಿಯ ನಂತರ ಎನ್ ಎಂಬ ರಾತ್ರಿ ಮಾರ್ಗ ಓಡುತ್ತದೆ, ಅದಕ್ಕೂ ಇದೇ ಪಾಸು.

ನಿಲ್ದಾಣದ ಕಡೆಯಿಂದ ಹೊರಟಾಗ ಎಡಕ್ಕೆ ಸಿಗುವ ಕಾ ವೆಂದ್ರಮಿನ್ ಕಾಲೆರ್ಜಿ ಅರಮನೆಯಲ್ಲಿ ಸಂಗೀತಗಾರ ರಿಚರ್ಡ್ ವಾಗ್ನರ್ 1883ರಲ್ಲಿ ತೀರಿಕೊಂಡ. ಅದರ ಮುಂದೆ ಬಲಕ್ಕೆ ಕಾ ಪೆಸರೊ, ಎಡಕ್ಕೆ ಕಸೂತಿಯಂತೆ ಕೊರೆದ ಕಲ್ಲಿನ ಕಾ ದೋರೊ. ನಂತರ ಬಲಕ್ಕೆ ಮೀನು ಮಾರುಕಟ್ಟೆ, ಅದರಾಚೆ 1591ರಲ್ಲಿ ಮುಗಿದ ರಿಯಾಲ್ತೊ ಸೇತುವೆ. ಕಾಲುವೆ ಬಾಗುವಲ್ಲಿ ಬಲಕ್ಕೆ ಕಾ ಫೊಸ್ಕರಿ, ಅದು ಈಗ ವಿಶ್ವವಿದ್ಯಾಲಯ. ಅಕಾದೆಮಿಯಾದ ಮರದ ಸೇತುವೆ ದಾಟಿದ ಮೇಲೆ ಬಲಕ್ಕೆ ಸಾಂತಾ ಮರಿಯಾ ದೆಲ್ಲಾ ಸಲೂತೆಯ ಬೃಹತ್ ಗುಮ್ಮಟ: 1630ರ ಪ್ಲೇಗಿನ ನಂತರ ಹರಕೆಗೆ ಕಟ್ಟಿದ ಚರ್ಚು. ಅಲ್ಲಿಗೆ ಕಾಲುವೆ ತೆರೆದುಕೊಂಡು ಸಾನ್ ಮಾರ್ಕೊ ಎದುರಾಗುತ್ತದೆ. ಅಲ್ಲಿ ಇಳಿಯುವ ಬದಲು ಸಾನ್ ಜಕ್ಕರಿಯಾಗೆ ಹೋಗಿ 2ನೇ ಮಾರ್ಗ ಹಿಡಿದು ಎದುರಿನ ಸಾನ್ ಜೋರ್ಜೊ ಮಜ್ಜೋರೆ ದ್ವೀಪಕ್ಕೆ ದಾಟಿ. ಪಲ್ಲಾದಿಯೊ ವಿನ್ಯಾಸ ಮಾಡಿದ ಆ ಚರ್ಚಿನ ಗಂಟೆಗೋಪುರಕ್ಕೆ ಲಿಫ್ಟ್ ಇದೆ. ಸಾನ್ ಮಾರ್ಕೊ ಗೋಪುರದ ಸಾಲು ಅಲ್ಲಿಲ್ಲ, ಮೇಲಿನಿಂದ ಸಾನ್ ಮಾರ್ಕೊವೂ ಸೇರಿ ಇಡೀ ಊರು ಕಾಣುತ್ತದೆ. ಪಾಸು ಇದ್ದೂ ಅಲ್ಲಿಗೆ ಹೋಗದವರು ದೊಡ್ಡದೊಂದನ್ನು ಕಳೆದುಕೊಳ್ಳುತ್ತಾರೆ.

ಶನಿವಾರವನ್ನು ದ್ವೀಪಗಳಿಗೆ ಕೊಡಿ, ಭಾನುವಾರವನ್ನು ಊರಿಗೆ. ಇದಕ್ಕೆ ಕಾರಣವಿದೆ. ಮುರಾನೊದ ಗಾಜಿನ ಕುಲುಮೆಗಳನ್ನು ಸಾಮಾನ್ಯವಾಗಿ ನಂದಿಸುವುದಿಲ್ಲ, ಆದರೆ ಭಾನುವಾರ ಬಹುತೇಕ ಕಡೆ ಕುಶಲಕರ್ಮಿಗಳಿಗೆ ರಜೆ. ಶನಿವಾರವೂ ಎಲ್ಲರೂ ತೆರೆದಿರುವುದಿಲ್ಲ, ಗಾಜು ಊದುವುದನ್ನೇ ನೋಡಬೇಕೆನ್ನುವವರು ಮೊದಲೇ ವಿಚಾರಿಸಿಕೊಳ್ಳಬೇಕು. ಸಾನ್ ಮಾರ್ಕೊ ಬಸಿಲಿಕಾದಲ್ಲಿ ಭಾನುವಾರ ಬೆಳಗ್ಗೆ ಪೂಜೆ, ಪ್ರವಾಸಿಗರಿಗೆ ಮಧ್ಯಾಹ್ನ 2ರ ಮೇಲೆ ಪ್ರವೇಶ. ರಿಯಾಲ್ತೊದ ಮೀನು ಮಾರುಕಟ್ಟೆಗೆ ಭಾನುವಾರ, ಸೋಮವಾರ ರಜೆ. ಅದನ್ನು ನೋಡಲೇಬೇಕೆಂದರೆ ಶನಿವಾರ ಬೆಳಗ್ಗೆ ಏಳೂವರೆಗೆ ಒಂದು ಸುತ್ತು ಹಾಕಿ, ಅಲ್ಲಿಂದ ಕಾಲುಗಂಟೆ ನಡೆದು ಫೊಂದಮೆಂತೆ ನೋವೆಗೆ ಬಂದು ದ್ವೀಪದ ದೋಣಿ ಹಿಡಿಯಬಹುದು.

ದ್ವೀಪಗಳಿಗೆ ಹೋಗುವ ಕ್ರಮವೇ ಎಲ್ಲರೂ ಎಡವುವ ಜಾಗ. ಮುರಾನೊ ಹತ್ತಿರ, ಬುರಾನೊ ದೂರ. ಹಾಗಾಗಿ ಎಲ್ಲರೂ ಮೊದಲು ಮುರಾನೊ ಮುಗಿಸಿ, ಮಧ್ಯಾಹ್ನ ಬುರಾನೊಗೆ ಹೋಗಿ, ನಾಲ್ಕೈದು ಗಂಟೆಯ ಹೊತ್ತಿಗೆ ವಾಪಸಾಗಲು ಒಟ್ಟಿಗೇ ಸಾಲು ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ಬುರಾನೊ ಕಟ್ಟೆಯಲ್ಲಿ ಒಂದು ದೋಣಿ ತುಂಬಿ ಹೋಗಿ ಮುಂದಿನದಕ್ಕೆ ಕಾಯುವುದು ಬೇಸಿಗೆಯ ವಾರಾಂತ್ಯದಲ್ಲಿ ಮಾಮೂಲು. ಕ್ರಮವನ್ನು ತಿರುಗಿಸಿ. ಫೊಂದಮೆಂತೆ ನೋವೆಯಿಂದ 12ನೇ ಮಾರ್ಗದ ದೋಣಿಯನ್ನು 9ಕ್ಕಿಂತ ಮುಂಚೆಯೇ ಹಿಡಿದರೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಬುರಾನೊ. ಬಣ್ಣದ ಮನೆಗಳ ಬೀದಿಗಳಲ್ಲಿ ಆಗಿನ್ನೂ ಊರಿನವರೇ ಹೆಚ್ಚು, ಬಟ್ಟೆ ಒಣಹಾಕುತ್ತ, ಬಾಗಿಲು ತೊಳೆಯುತ್ತ ಇರುತ್ತಾರೆ. ಅವು ಜನ ವಾಸಿಸುವ ಮನೆಗಳು, ಹೊಸ್ತಿಲ ಮೇಲೆ ಕುಳಿತು ಫೋಟೊ ತೆಗೆಯುವುದು ಸಲ್ಲದು. ಸಾನ್ ಮರ್ತಿನೊ ಚರ್ಚಿನ ವಾಲಿದ ಗೋಪುರ ನೋಡಿ, ಮರದ ಸೇತುವೆ ದಾಟಿ ಪಕ್ಕದ ಮಜ್ಜೋರ್ಬೊ ದ್ವೀಪದ ತೋಟಗಳತ್ತ ಒಂದು ನಡಿಗೆ ಹಾಕಿ. ಇಲ್ಲಿನ ಲೇಸ್ ಕಸೂತಿ ಕೊಳ್ಳುವ ಆಸೆಯಿದ್ದರೆ ಒಂದು ಮಾತು: ಸೂಜಿಯಲ್ಲಿ ಕೈಯಿಂದ ಹೆಣೆದದ್ದಕ್ಕೆ ವಾರಗಟ್ಟಲೆ ದುಡಿಮೆ ಬೇಕು, ಹತ್ತು-ಇಪ್ಪತ್ತು ಯೂರೊಗೆ ಸಿಗುವ ಮೇಜುವಸ್ತ್ರ ಯಂತ್ರದ್ದು.

ಬುರಾನೊದಿಂದ ತೊರ್ಚೆಲ್ಲೊ ದೋಣಿಯಲ್ಲಿ ಕೆಲವೇ ನಿಮಿಷ, ಹೋಗುವವರು ಕಡಿಮೆ. ನಮ್ಮ ದೃಷ್ಟಿಯಲ್ಲಿ ಮೂರು ದ್ವೀಪಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ. ಇಳಿದ ಮೇಲೆ ಕಾಲುವೆಯ ಪಕ್ಕದ ಇಟ್ಟಿಗೆ ದಾರಿಯಲ್ಲಿ ಹತ್ತು ನಿಮಿಷ ನಡೆಯಬೇಕು, ನಡುವೆ ಕೈತಡೆಯಿಲ್ಲದ ‘ದೆವ್ವದ ಸೇತುವೆ’ ಸಿಗುತ್ತದೆ. ಕೊನೆಗೆ 639ರಲ್ಲಿ ಸ್ಥಾಪನೆಯಾದ ಸಾಂತಾ ಮರಿಯಾ ಅಸ್ಸುಂತಾ ಬಸಿಲಿಕಾ. ಪಶ್ಚಿಮದ ಗೋಡೆ ತುಂಬ ಅಂತಿಮ ತೀರ್ಪಿನ ಮೊಸಾಯಿಕ್, ಎದುರು ತುದಿಯಲ್ಲಿ ಚಿನ್ನದ ಹಿನ್ನೆಲೆಯ ನಡುವೆ ಒಂಟಿಯಾಗಿ ನಿಂತ ಕನ್ಯಾಮರಿಯ. ಸಾನ್ ಮಾರ್ಕೊದಲ್ಲಿ ಹಿಂದಿನವರು ತಳ್ಳುತ್ತಿರುವಾಗ ತಲೆಯೆತ್ತಿ ನೋಡಬೇಕಾದ ಕಲೆಯನ್ನು ಇಲ್ಲಿ ಬೆಂಚಿನ ಮೇಲೆ ಕುಳಿತು ನೋಡಬಹುದು. ಎಚ್ಚರಿಕೆ ಒಂದೇ: ಇಲ್ಲಿಗೆ ದೋಣಿಗಳು ವಿರಳ. ಇಳಿದ ಕೂಡಲೇ ಕಟ್ಟೆಯ ವೇಳಾಪಟ್ಟಿಯಲ್ಲಿ ಮರಳುವ ದೋಣಿಯ ಹೊತ್ತನ್ನು ನೋಡಿಕೊಂಡೇ ಒಳಗೆ ನಡೆಯಿರಿ.

ವಾಪಸು ಬರುವ 12ನೇ ಮಾರ್ಗ ಮುರಾನೊದಲ್ಲಿ ನಿಲ್ಲುವುದು ಫಾರೊ ಕಟ್ಟೆಯಲ್ಲಿ, ಅಂದರೆ ದೀಪಸ್ತಂಭದ ಬಳಿ. ಅಲ್ಲಿ ಇಳಿದು ದ್ವೀಪವನ್ನು ನಡೆದು ನೋಡುತ್ತ ಕೊಲೊನ್ನಾ ಕಟ್ಟೆಗೆ ಬಂದರೆ 4.1 ಅಥವಾ 4.2 ಸಿಗುತ್ತದೆ. ಹೀಗೆ ಮಾಡಿದರೆ ಒಂದೇ ಬೀದಿಯನ್ನು ಎರಡು ಸಲ ತುಳಿಯುವ ಕೆಲಸವಿಲ್ಲ. ಬೆಂಕಿಯ ಭಯದಿಂದ 1291ರಲ್ಲಿ ವೆನಿಸ್ ಗಣರಾಜ್ಯ ಗಾಜಿನ ಕುಲುಮೆಗಳನ್ನೆಲ್ಲ ಈ ದ್ವೀಪಕ್ಕೆ ಕಳುಹಿಸಿತು, ಅಂದಿನಿಂದ ಇದು ಗಾಜಿನ ಊರು. ಅಂಗಡಿಗಳಲ್ಲಿ ಹೊರಗಿನಿಂದ ತಂದ ಅಗ್ಗದ ಸರಕೂ ಇದೆ, ವೆತ್ರೊ ಆರ್ತಿಸ್ತಿಕೊ ಮುರಾನೊ ಎಂಬ ಮುದ್ರೆ ನೋಡಿ ಕೊಳ್ಳಿ. ಸಾನ್ ಮಾರ್ಕೊ ಬಳಿ ಅಥವಾ ಹೋಟೆಲಿನಲ್ಲಿ ‘ಮುರಾನೊಗೆ ಉಚಿತ ಜಲಟ್ಯಾಕ್ಸಿ’ ಎಂದು ಯಾರಾದರೂ ಕರೆದರೆ ಹೋಗಬೇಡಿ. ಆ ದೋಣಿ ನಿಲ್ಲುವುದು ಒಂದೇ ಮಳಿಗೆಯ ಬಾಗಿಲಲ್ಲಿ, ಮಾರಾಟದ ಒತ್ತಡ ಜೋರು, ಮರಳುವ ದಾರಿ ನಿಮ್ಮದೇ. ಅಂಗಡಿಗಳಿಂದ ಬೇಸರವಾದರೆ ಸಾಂತಿ ಮರಿಯಾ ಎ ದೊನಾತೊ ಚರ್ಚಿಗೆ ಹೋಗಿ. 12ನೇ ಶತಮಾನದ ಅದರ ನೆಲದ ಮೊಸಾಯಿಕ್ ಅಲೆಯಂತೆ ಏರಿಳಿದಿದೆ. ಊರಿಗೆ ಮರಳುವ ದಾರಿಯಲ್ಲಿ 4.1, 4.2 ದೋಣಿಗಳು ಸಾನ್ ಮಿಕೆಲೆ ಸ್ಮಶಾನ ದ್ವೀಪದಲ್ಲೂ ನಿಲ್ಲುತ್ತವೆ. ಸಂಗೀತಗಾರ ಸ್ತ್ರಾವಿನ್ಸ್ಕಿಯ ಸಮಾಧಿ ಅಲ್ಲಿದೆ.

ಪಾಸಿಗೆ ಸೇರದ ದೋಣಿಗಳಲ್ಲಿ ತಿಳಿದಿರಬೇಕಾದದ್ದು ತ್ರಗೆತ್ತೊ. ಗ್ರ್ಯಾಂಡ್ ಕೆನಾಲ್‌ನಲ್ಲಿ ಸೇತುವೆಗಳ ನಡುವಿನ ಅಂತರ ಹೆಚ್ಚಿರುವ ಕಡೆ ಇಬ್ಬರು ಹುಟ್ಟು ಹಾಕುವ ದೊಡ್ಡ ಗೊಂಡೊಲಾ ಜನರನ್ನು ಆಚೆ ದಂಡೆಗೆ ಮುಟ್ಟಿಸುತ್ತದೆ. ಪ್ರವಾಸಿಗರಿಗೆ 2 ಯೂರೊ, ನಗದು, ಚಿಲ್ಲರೆ ಇದ್ದರೆ ಒಳ್ಳೆಯದು. ಸಾಂತಾ ಸೋಫಿಯಾದಿಂದ ರಿಯಾಲ್ತೊ ಮಾರುಕಟ್ಟೆಗೆ ದಾಟುವ ತ್ರಗೆತ್ತೊ ಎಲ್ಲಕ್ಕಿಂತ ಉಪಯುಕ್ತ. ಭಾನುವಾರ ಹೊತ್ತು ಕಡಿಮೆ, ಗಾಳಿ-ಮಳೆಗೆ ನಿಲ್ಲುತ್ತದೆ. ಪಾಸು ಇರುವವರು ದಾಟಲು 1ನೇ ಮಾರ್ಗವನ್ನೇ ಸೇತುವೆಯಂತೆ ಬಳಸಬಹುದು: ಸಲೂತೆಯಲ್ಲಿ ಹತ್ತಿ ಎದುರಿನ ವಲ್ಲರೆಸ್ಸೊದಲ್ಲಿ ಇಳಿದರೆ ಅಕಾದೆಮಿಯಾ ಸೇತುವೆಯ ಸುತ್ತು ತಪ್ಪುತ್ತದೆ. ಗೊಂಡೊಲಾದ ಅಧಿಕೃತ ದರ 2023ರ ನವೆಂಬರ್‌ನಿಂದ ಹಗಲು 30 ನಿಮಿಷಕ್ಕೆ 90 ಯೂರೊ, ಸಂಜೆ 7ರ ಮೇಲೆ 35 ನಿಮಿಷಕ್ಕೆ 110. ಇದು ದೋಣಿಗೆ ದರ, ತಲೆಗೆ ಅಲ್ಲ, ಐವರವರೆಗೆ ಹಂಚಿಕೊಳ್ಳಬಹುದು. ಕೂರುವ ಮುನ್ನವೇ ಹೊತ್ತು, ದರ, ದಾರಿ ಮೂರನ್ನೂ ಮಾತಾಡಿಕೊಳ್ಳಿ. ಗ್ರ್ಯಾಂಡ್ ಕೆನಾಲ್‌ನಲ್ಲಿ ವಪೊರೆಟ್ಟೊಗಳ ಅಲೆಗೆ ಗೊಂಡೊಲಾ ತೊನೆದಾಡುತ್ತದೆ, ಒಳಗಿನ ಸಣ್ಣ ಕಾಲುವೆಗಳ ದಾರಿಯನ್ನೇ ಕೇಳಿ.

ವಾರಾಂತ್ಯದ ಯೋಜನೆ ಕೆಡಿಸುವ ಸಂಗತಿಗಳು ಕೆಲವಿವೆ. ಹಬ್ಬ-ಸ್ಪರ್ಧೆಗಳ ದಿನ ದೋಣಿ ಮಾರ್ಗಗಳು ಬದಲಾಗುತ್ತವೆ: ಸೆಪ್ಟೆಂಬರಿನ ಮೊದಲ ಭಾನುವಾರ ರೆಗಾತಾ ಸ್ತೋರಿಕಾ ದೋಣಿ ಸ್ಪರ್ಧೆಗೆ ಗ್ರ್ಯಾಂಡ್ ಕೆನಾಲ್ ಮಧ್ಯಾಹ್ನ ಮುಚ್ಚುತ್ತದೆ. ವಸಂತದ ಕೊನೆಗೆ ಬರುವ ವೊಗಲೊಂಗಾ ದಿನ ಹುಟ್ಟು ದೋಣಿಗಳೇ ಕಾಲುವೆ ತುಂಬುತ್ತವೆ, ಜುಲೈ ಮೂರನೇ ವಾರಾಂತ್ಯದ ರೆದೆಂತೋರೆ ಹಬ್ಬದ ಶನಿವಾರ ರಾತ್ರಿ ಪಟಾಕಿ ಪ್ರದರ್ಶನಕ್ಕೆ ಸಾನ್ ಮಾರ್ಕೊ ಎದುರಿನ ನೀರೆಲ್ಲ ದೋಣಿಮಯ. ನೋಡಲು ಅದ್ಭುತ, ಓಡಾಡಲು ಕಷ್ಟ. ಮುಷ್ಕರಗಳೂ ಉಂಟು, ‘ಶೊಪೆರೊ’ ಎಂಬ ಪದ ಕಟ್ಟೆಯ ಮೇಲೆ ಕಂಡರೆ ಕಾಯುತ್ತ ನಿಲ್ಲದೆ ಎಸಿಟಿವಿ ಪ್ರಕಟಣೆ ನೋಡಿ, ಕನಿಷ್ಠ ಸೇವೆಯ ಪಟ್ಟಿ ಅದರಲ್ಲಿರುತ್ತದೆ. ಚಳಿಗಾಲದ ಮಂಜಿನಲ್ಲಿ ಮಾರ್ಗಗಳು ಮೊಟಕಾಗುತ್ತವೆ.

ನೀರು ಏರುವುದು ಮುಖ್ಯವಾಗಿ ಶರತ್ಕಾಲ-ಚಳಿಗಾಲದಲ್ಲಿ. 1966ರ ನವೆಂಬರ್ 4ರಂದು 194 ಸೆಂಟಿಮೀಟರ್, 2019ರ ನವೆಂಬರ್ 12ರಂದು 187 ಸೆಂಟಿಮೀಟರ್ ಏರಿದ್ದ ನೀರು ಈಗ ಆ ಮಟ್ಟಕ್ಕೆ ಒಳಗೆ ಬರುವುದಿಲ್ಲ: ಖಾರಿಯ ಮೂರು ಬಾಯಿಗಳಲ್ಲಿ ಅಳವಡಿಸಿದ ಮೋಸೆ ಯೋಜನೆಯ 78 ಕದಗಳು 2020ರ ಅಕ್ಟೋಬರ್‌ನಿಂದ ಕೆಲಸ ಮಾಡುತ್ತಿವೆ. ಆದರೆ 110 ಸೆಂಟಿಮೀಟರ್ ಆಸುಪಾಸಿನ ಮುನ್ಸೂಚನೆ ಇದ್ದಾಗ ಮಾತ್ರ ಅವುಗಳನ್ನು ಎತ್ತುತ್ತಾರೆ. ಸಾನ್ ಮಾರ್ಕೊ ಚೌಕ ಊರಿನ ಅತಿ ತಗ್ಗಿನ ಜಾಗಗಳಲ್ಲಿ ಒಂದಾದ್ದರಿಂದ ಅದಕ್ಕಿಂತ ಕಡಿಮೆ ನೀರಿಗೇ ಒದ್ದೆಯಾಗುತ್ತದೆ. ಉಬ್ಬರದ ತುತ್ತತುದಿಯ ಆಚೀಚೆ ಕೆಲವು ಗಂಟೆ ಮಾತ್ರ ಈ ಅಡಚಣೆ, ಆ ಹೊತ್ತಿಗೆ ಬೇರೆ ಬಡಾವಣೆಗೆ ಹೋಗಿ ಬಂದರಾಯಿತು. ನೀರು ಹೆಚ್ಚಿದಾಗ ದೋಣಿಗೂ ಸೇತುವೆಯ ಕಮಾನಿಗೂ ನಡುವಿನ ಜಾಗ ಸಾಲದೆ ಕನ್ನರೆಜೊ ಕಾಲುವೆಯಲ್ಲಿ ಹೋಗುವ ಮಾರ್ಗಗಳನ್ನು ಬೇರೆ ಕಡೆಗೆ ತಿರುಗಿಸುತ್ತಾರೆ, ಇದೂ ನೆನಪಿರಲಿ.

ತಂಗುವ ಜಾಗವನ್ನು ಕಟ್ಟೆ ನೋಡಿ ಆರಿಸಿ. ಕನ್ನರೆಜೊ ಬಡಾವಣೆಯಲ್ಲಿ ಕಾ ದೋರೊ ಮತ್ತು ಫೊಂದಮೆಂತೆ ನೋವೆ ನಡುವೆ ಉಳಿದರೆ ಒಂದು ಕಡೆ ಗ್ರ್ಯಾಂಡ್ ಕೆನಾಲ್, ಇನ್ನೊಂದು ಕಡೆ ದ್ವೀಪದ ದೋಣಿ, ಎರಡೂ ಹತ್ತು ನಿಮಿಷದೊಳಗೆ. ವಾರಾಂತ್ಯಕ್ಕೆ ಇದಕ್ಕಿಂತ ಅನುಕೂಲದ ಜಾಗ ಕಾಣೆವು. ಸಂಜೆ ಊಟವೂ ಅಲ್ಲೇ, ಮಿಸೆರಿಕೋರ್ದಿಯಾ ಮತ್ತು ಒರ್ಮೆಸಿನಿ ದಂಡೆಗಳ ಬಾಕರೊ ಎಂಬ ಸಣ್ಣ ವೈನ್ ಅಂಗಡಿಗಳಲ್ಲಿ ನಿಂತು ಚಿಕೆತ್ತಿ ಎಂಬ ಕುರುಕಲು ತಿನ್ನುವುದು. ಮೇಜಿಗೆ ಕುಳಿತರೆ ಕೊಪೆರ್ತೊ ಎಂಬ ಶುಲ್ಕ ಸೇರುತ್ತದೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಿ: ಬೆಣ್ಣೆಯಂತೆ ಕಾಣುವ ಬಿಳಿ ಲೇಪ ಬಹುಪಾಲು ಬಕ್ಕಲಾ, ಅಂದರೆ ಮೀನು. ವಿಳಾಸದಲ್ಲಿ ಬಡಾವಣೆಯ ಹೆಸರು ಮತ್ತು ನಾಲ್ಕಂಕಿಯ ಸಂಖ್ಯೆ ಮಾತ್ರ ಇದ್ದರೆ ಮನೆ ಸಿಗುವುದಿಲ್ಲ, ಸಂಖ್ಯೆಗಳು ಬೀದಿವಾರು ಅಲ್ಲ, ಇಡೀ ಬಡಾವಣೆಗೆ ಒಂದೇ ಸರಣಿ. ಬೀದಿಯ ಹೆಸರು, ಹತ್ತಿರದ ಕಟ್ಟೆ, ದಾರಿಯಲ್ಲಿ ಎಷ್ಟು ಸೇತುವೆ ಎಂದು ಮಾಲೀಕರನ್ನು ಮೊದಲೇ ಕೇಳಿ. ಪ್ರತಿ ಸೇತುವೆಯೂ ಪೆಟ್ಟಿಗೆ ಹೊತ್ತು ಏರಿಳಿಯುವ ಮೆಟ್ಟಿಲು. ಹೊರಡುವ ದಿನ ಪೆಟ್ಟಿಗೆಯನ್ನು ರೈಲು ನಿಲ್ದಾಣದ ಸಾಮಾನು ಕೋಣೆಯಲ್ಲಿ ಇಡುವುದು ಜಾಣತನ.

ಮುಖ್ಯ ಭೂಭಾಗದ ಮೆಸ್ತ್ರೆಯಲ್ಲಿ ಉಳಿದರೆ ಹೋಟೆಲು ಅಗ್ಗ, ರೈಲಿನಲ್ಲಿ ಹತ್ತು-ಹನ್ನೆರಡು ನಿಮಿಷ. ಪಾಸು ಮೆಸ್ತ್ರೆಯ ಬಸ್ಸು-ಟ್ರಾಮಿಗೆ ನಡೆಯುತ್ತದೆ, ರೈಲಿಗೆ ನಡೆಯುವುದಿಲ್ಲ. ಆದರೆ ಮೇಲೆ ಹೇಳಿದ ನಸುಕು ಮತ್ತು ರಾತ್ರಿಯ ಸವಾರಿ ಎರಡೂ ಕೈತಪ್ಪುತ್ತವೆ. ಎರಡೇ ದಿನದ ಪ್ರವಾಸದಲ್ಲಿ ಆ ಉಳಿತಾಯ ನಷ್ಟದ ಬಾಬತ್ತು.

2024ರ ಏಪ್ರಿಲ್ 25ರಿಂದ ನಗರ ಪ್ರವೇಶ ಶುಲ್ಕವೂ ಬಂದಿದೆ. 2025ರಲ್ಲಿ ಏಪ್ರಿಲ್‌ನಿಂದ ಜುಲೈವರೆಗೆ 54 ದಿನ ಜಾರಿಯಲ್ಲಿತ್ತು, ಹೆಚ್ಚಿನವು ಶುಕ್ರವಾರದಿಂದ ಭಾನುವಾರಗಳೇ. ಬೆಳಗ್ಗೆ 8.30ರಿಂದ ಸಂಜೆ 4ರವರೆಗೆ, ಮುಂಗಡವಾಗಿ ಕಟ್ಟಿದರೆ 5 ಯೂರೊ, ಕೊನೆಯ ಮೂರು ದಿನಗಳಲ್ಲಿ ಕಟ್ಟಿದರೆ 10. ನಗರಸಭೆಯ ವ್ಯಾಪ್ತಿಯಲ್ಲಿ ರಾತ್ರಿ ತಂಗುವವರಿಗೆ, ಮೆಸ್ತ್ರೆಯೂ ಸೇರಿ, ಈ ಶುಲ್ಕವಿಲ್ಲ. ಆದರೂ ವಿನಾಯಿತಿಯ ಕ್ಯೂಆರ್ ಕೋಡನ್ನು ಜಾಲತಾಣದಲ್ಲಿ ನೋಂದಾಯಿಸಿ ಇಟ್ಟುಕೊಳ್ಳಬೇಕು. ಹೋಗುವ ವರ್ಷದ ದಿನಗಳ ಪಟ್ಟಿಯನ್ನು ನಗರಸಭೆಯ ತಾಣದಲ್ಲಿ ನೋಡಿ.

ಮಾರ್ಕೊ ಪೋಲೊ ವಿಮಾನ ನಿಲ್ದಾಣದ ಬಸ್ಸಿಗೆ ಸಾಮಾನ್ಯ ಪಾಸು ನಡೆಯುವುದಿಲ್ಲ, ಪ್ರತ್ಯೇಕ ಟಿಕೆಟ್ ಬೇಕು. ಅಲ್ಲಿಗೆ ಹೋಗುವ ಅಲಿಲಗೂನಾ ದೋಣಿಯೂ ಬೇರೆ ಸಂಸ್ಥೆಯದು, ಸಾನ್ ಮಾರ್ಕೊ ಕಡೆಯಿಂದ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಪಿಯಾತ್ಸಾಲೆ ರೋಮಾದಿಂದ ಬಸ್ಸು ಇಪ್ಪತ್ತು-ಇಪ್ಪತ್ತೈದು ನಿಮಿಷ. ಭಾನುವಾರ ಸಂಜೆ ಸಾನ್ ಜಕ್ಕರಿಯಾದಿಂದ ಪಿಯಾತ್ಸಾಲೆ ರೋಮಾಗೆ ಹೊರಡುವವರು ಗ್ರ್ಯಾಂಡ್ ಕೆನಾಲ್‌ನ 1ನೇ ಮಾರ್ಗವನ್ನು ಬಿಟ್ಟು, ಜುದೆಕ್ಕಾ ಕಾಲುವೆಯ ಕಡೆಯಿಂದ ಸುತ್ತಿ ಹೋಗುವ ದೋಣಿ ಹಿಡಿಯಿರಿ. ನಿಲುಗಡೆ ಕಡಿಮೆ, ನೂಕುನುಗ್ಗಲು ಕಡಿಮೆ, ಪೆಟ್ಟಿಗೆ ಇಡಲು ಜಾಗವೂ ಸಿಗುತ್ತದೆ. ಬೆನ್ನಚೀಲವನ್ನು ಕಳಚಿ ಕಾಲ ಬಳಿ ಇಡಿ, ಇಳಿಯುವ ಕಟ್ಟೆ ಬರುವ ಮೊದಲೇ ‘ಪೆರ್ಮೆಸ್ಸೊ’ (ದಾರಿ ಬಿಡಿ) ಎನ್ನುತ್ತ ಬಾಗಿಲ ಬಳಿ ಬಂದು ನಿಲ್ಲಿ. ಹಗ್ಗ ಬಿಚ್ಚಿದ ಮೇಲೆ ದೋಣಿ ಯಾರಿಗಾಗಿಯೂ ಕಾಯುವುದಿಲ್ಲ.